ಹತ್ತಿಯ ಹಿಮ ತಂದ ವಿಡಿಯೋ ಅಂಗಡಿಯವರು

ಓದುಗರಿಗೆ ಶರಣು. ದೊಡ್ಡವನಾದ ಮೇಲೆ ಅಕ್ಷರ ಕಲಿತವನು ನಾನು, ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತಿದ್ದರು. ಆ ಮಧ್ಯಾಹ್ನ ವಿಡಿಯೋ ಅಂಗಡಿಯವರು ವಿಸಿಆರ್ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಸಿನಿಮಾ ಹಾಕುತ್ತಿದ್ದರು. ತಾವು ಮಾತ್ರ ಕೂಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ ಬಿಡುತ್ತ ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಯಾರಾದರೂ ಆಕಳಿಸಿದರೆ, "ಮುಂದೈತ್ರಿ, ತಡೀರಿ" ಅನ್ನುತ್ತಿದ್ದರು.

ಒಂದು ಸಲ ಓಣಿಯವರು ಕೇಬಲ್ ಹಾಕಿಸುವ ಮಾತಾಡಿದ್ದರು. ನಮ್ಮನ್ನು ಉಳಿಸಿಕೊಳ್ಳಬೇಕೆಂದು ಅಂಗಡಿಯವರು ಹುಬ್ಬಳ್ಳಿಯಿಂದ ಒಂದು ಇಂಗ್ಲಿಷ್ ಭಯಾನಕ ಸಿನಿಮಾ ತಂದರು. ಕ್ರಿಸ್ಮಸ್ ಹಬ್ಬದಲ್ಲಿ ಕೆಂಪಂಗಿ, ಬಿಳಿ ಗಡ್ಡದ ಅಜ್ಜ ಕೊಡಲಿ ಹಿಡಿದು ಬರುವ ಕಥೆ. ಅರ್ಧ ತಾಸಾದರೂ ಅಜ್ಜ ಹಿಮದಲ್ಲಿ ಬರೀ ನಡೆಯುತ್ತಿದ್ದ.

"ಮುಂದೈತ್ರಿ."

ನೂಲು ಸುತ್ತುವ ನಮ್ಮ ಚಿಗವ್ವ ಟಿವಿಯ ಹತ್ತಿರ ಸರಿದಳು. "ಅದು ಬರ್ಫ ಅಲ್ಲೋ ತಮ್ಮಾ, ಹತ್ತಿ. ನೆಟ್ಟಗ ಹಿಂಜಿಲ್ಲ ಸುದ್ದ, ಗಂಟು ಕಾಣ್ತಾವ."

ಎಲ್ಲರೂ ನಕ್ಕರು. ಅಜ್ಜ ಕೊಡಲಿ ಎತ್ತಿದಾಗಲೂ ನಗು ನಿಲ್ಲಲಿಲ್ಲ. "ಕೇಬಲ್‌ನಾಗ ಇದಕ್ಕಿಂತ ಛಲೋ ಬರ್ತಾವ ಬಿಡ್ರಿ" ಎಂದ ನಮ್ಮಣ್ಣ. ಅಂಗಡಿಯವರು ಕ್ಯಾಸೆಟ್ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

ಮರುವಾರ ಕೇಬಲ್ ಎಳೆಯುವವರು ಬಂದರು. ಅವರ ಏಣಿ ಅಲುಗಾಡುತ್ತಿತ್ತು. ಅಂಗಡಿಯವರು ರಸ್ತೆ ದಾಟಿ ಬಂದು ಅದನ್ನು ಎರಡೂ ಕೈಯಿಂದ ಹಿಡಿದು ನಿಂತು, ಬಾಗಿಲಲ್ಲಿದ್ದ ಚಿಗವ್ವನ ಕಡೆ ನೋಡಿದರು.

"ಬಿಗಿ ಕಟ್ರಪಾ. ಅವ್ವಾರಿಗಿ ಚಿತ್ರ ಸ್ವಚ್ಛ ಕಾಣಬೇಕು."

ನಿಮ್ಮೂರಲ್ಲೂ ಇಂಥವರಿದ್ದರೆ ಬರೆಯಿರಿ, ಓದಬೇಕೆನಿಸಿದೆ.