ಗೂಡು ನೋಡುವ ಕೈಯಲ್ಲಿ ಹೆಲ್ಮೆಟ್ ಆರಿಸಿದ್ದು

ನಾನು ಓದು ಬಿಟ್ಟದ್ದು ೧೯೯೮ರಲ್ಲಿ, ಎಂಟನೇ ತರಗತಿಯ ನಡುವೆ. ಯಾರೋ ಬಿಡಿಸಿದರು ಎನ್ನಲಾರೆ, ನಾನೇ ಬಿಟ್ಟೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ಡು ಸೇರಿ, ಕುದಿನೀರಿನ ಬೇಸಿನ್ನಿನ ಮುಂದೆ ಕೂತೆ. ಹತ್ತು ವರ್ಷದಲ್ಲಿ ಸ್ವಂತ ಶೆಡ್ಡು ಮಾಡಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಇದನ್ನು ಕೇಳದವರಿಗೂ ಹೇಳುವ ಚಾಳಿ ನನಗಿದೆ. ಈಗಲೂ ನೋಡಿ, ಮೊದಲು ಅದನ್ನೇ ಬರೆದೆ.

ಗೂಡಿನ ಮಾರುಕಟ್ಟೆಯಲ್ಲಿ ನನ್ನ ಕೈಗೆ ಒಂದು ಹೆಸರಿದೆ. ರೈತರು ಸುರಿದ ಗೂಡಿನ ರಾಶಿಗೆ ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆಯುತ್ತೇನೆ. ಅಂಗೈಯಲ್ಲಿ ತೂಕ ನೋಡಿ, ಹೆಬ್ಬೆರಳಿನಿಂದ ಅದುಮಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಒಳಗಿನ ಹುಳ ಟಕಟಕ ಎಂದರೆ ಗೂಡು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಹುಳ ಒಳಗೇ ಕರಗಿದೆ ಎಂದರ್ಥ. ಈಗ ಹರಾಜು ಫೋನಿನಲ್ಲೇ ನಡೆಯುತ್ತದೆ. ಆದರೆ ನೋಡುವುದು ಮಾತ್ರ ಇವತ್ತಿಗೂ ಕೈಯೇ.

ನನ್ನ ಬಾಮೈದ, ಹೆಂಡತಿಯ ತಮ್ಮ, ಗೌರಿಬಿದನೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಎರಡು ಡಿಗ್ರಿ ಮಾಡಿದವನು. ನನ್ನ ಹತ್ತಿರ ಯಾವತ್ತೂ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಆದರೂ ಅವನು ನಮ್ಮ ಮನೆಯಲ್ಲಿ ಕೂತು ಪೇಪರ್ ಬಿಡಿಸಿದರೆ ನನಗೆ ಒಳಗೆಲ್ಲೋ ಚುಚ್ಚುತ್ತಿತ್ತು. ಬೈಕಿನ ವಿಷಯದಲ್ಲಿ ಮಾತ್ರ ಅವನು ನನ್ನನ್ನು ಕೇಳದೆ ಒಂದು ಬೋಲ್ಟೂ ಬದಲಿಸುತ್ತಿರಲಿಲ್ಲ. ಆ ಒಂದು ಜಾಗವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಹೋದ ವರ್ಷ ಇಬ್ಬರೂ ಎರಡು ಬೈಕಿನಲ್ಲಿ ಮೂರು ದಿನ ಆಂಧ್ರದ ಗಂಡಿಕೋಟಕ್ಕೆ ಹೋಗಿಬರುವುದೆಂದು ಮಾತಾಯಿತು. ಅಲ್ಲಿಯವರೆಗೆ ನಮ್ಮದು ಚಿಂತಾಮಣಿ, ವಿದುರಾಶ್ವತ್ಥ, ಸ್ಕಂದಗಿರಿಯ ಬುಡ, ಅಷ್ಟೇ. ಅದಕ್ಕೆಲ್ಲ ಹಳೆಯ ಅರ್ಧ ಹೆಲ್ಮೆಟ್ ಸಾಕಾಗಿತ್ತು. ಹೈವೇಗೆ ಒಳ್ಳೆಯದು ಬೇಕೆಂದು ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಹೋದೆವು.

ಅಂಗಡಿ ನಡೆಸುವ ಹೆಂಗಸು ಎರಡು ಬಗೆ ತೆಗೆದಿಟ್ಟರು. ಒಂದು ಫುಲ್ ಫೇಸ್, ದುಂಡಗೆ, ನುಣ್ಣಗೆ. ಇನ್ನೊಂದು ಕಲ್ಲುಮಣ್ಣಿನ ದಾರಿಗೆಂದು ಮಾಡಿದ ಆಫ್ ರೋಡ್ ಬಗೆಯದು. ಗದ್ದದ ಹತ್ತಿರ ಮೂತಿ ಮುಂದಕ್ಕೆ, ಹಣೆಯ ಮೇಲೆ ಬಿಸಿಲಿಗೆ ಅಡ್ಡವಾಗಿ ಚಾಚಿಕೊಂಡ ಪೀಕ್. ನೋಡಲು ಅದರ ಗತ್ತೇ ಬೇರೆ.

ನಾನು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿದೆ. ಅದುಮಿದೆ. ಆಮೇಲೆ, ಈಗ ನೆನೆದರೆ ನಾಚಿಕೆ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಏನಣ್ಣ, ಒಳಗೆ ಹುಳ ಇದೆಯಾ?" ಎಂದು ಆಕೆ ನಕ್ಕರು.

ಬಾಮೈದನೂ ನಕ್ಕ. ನನಗೆ ಕಿವಿ ಬಿಸಿಯಾಯಿತು.

ಫುಲ್ ಫೇಸ್ ಹಾಕಿದರೆ ಕೆನ್ನೆ ಒತ್ತುತ್ತಿತ್ತು. ಆಫ್ ರೋಡ್ ಹಗುರ, ಒಳಗೆ ಗಾಳಿ, ತಲೆಗೆ ಆರಾಮು. "ಇದೇ. ಇಬ್ಬರಿಗೂ ಇದೇ ಕೊಡಿ. ಒಂದು ಸೈಜು ದೊಡ್ಡದೇ ಇರಲಿ" ಎಂದೆ.

"ಬೇಡ ಅಣ್ಣ. ನೀವು ಹೈವೇಲಿ ಹೋಗೋರು. ಈ ಪೀಕ್ ಗಾಳಿ ಹಿಡಿಯುತ್ತೆ, ತಲೆ ಎಳೆಯುತ್ತೆ. ಹೊಸದು ಕೆನ್ನೆಗೆ ಬಿಗೀನೇ ಇರಬೇಕು. ಲೂಸ್ ತಗೊಂಡ್ರೆ ತಲೆ ಒಂದ್ ಕಡೆ, ಹೆಲ್ಮೆಟ್ ಒಂದ್ ಕಡೆ."

"ಅಮ್ಮಾ, ಇಪ್ಪತ್ತೈದು ವರ್ಷ ಗೂಡು ನೋಡಿರೋ ಕೈ ಇದು."

"ಗೂಡು ಕೊಂಡು ನೀವು ಕುದಿಯೋ ನೀರಿಗೆ ಹಾಕ್ತೀರಿ. ಇದನ್ನ ತಲೆಗೆ ಹಾಕ್ಕೋಬೇಕಲ್ಲಣ್ಣ."

ಬಾಮೈದ ಡಬ್ಬಿಯಲ್ಲಿದ್ದ ಇಂಗ್ಲಿಷ್ ಚೀಟಿ ಬಿಡಿಸಿ ಓದುತ್ತಿದ್ದ. "ಭಾವ, ಇದರಲ್ಲೂ ಹಂಗೇ ಇದೆ. ಅವ್ರು ಹೇಳೋದು ಸರಿ ಅನ್ಸುತ್ತೆ."

ಅವನು ಆ ಚೀಟಿ ಓದದೇ ಇದ್ದಿದ್ದರೆ ನಾನು ಒಪ್ಪುತ್ತಿದ್ದೆನೇನೋ. "ಓಹೋ, ಮೇಷ್ಟ್ರು ಹೆಲ್ಮೆಟ್ಟನ್ನೂ ಓದಿ ತಗೋತಾರೆ. ಬೈಕ್ ಓಡಿಸೋಕೂ ಪುಸ್ತಕ ತಂದಿದೀಯೇನಪ್ಪ?" ಎಂದೆ.

ಅವನು ಚೀಟಿ ಮಡಚಿ ಡಬ್ಬಿಯೊಳಗಿಟ್ಟ. "ಆಯ್ತು ಭಾವ, ನೀವು ನೋಡಿದ ಮೇಲೆ ಆಯ್ತು."

ಹಳೆಯ ಅರ್ಧ ಹೆಲ್ಮೆಟ್ಟುಗಳನ್ನು ಅಂಗಡಿಯಲ್ಲೇ ಬಿಟ್ಟುಬಂದೆವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಚಿಕ್ಕಬಳ್ಳಾಪುರ ದಾಟಿ ಹೈವೇಯಲ್ಲಿ ಎಂಬತ್ತು ಮುಟ್ಟುತ್ತಲೇ ಪೀಕ್‌ನ ಅಡಿಗೆ ಗಾಳಿ ನುಗ್ಗಿ, ಯಾರೋ ಹಿಂದಿನಿಂದ ಕೂದಲು ಹಿಡಿದು ಎಳೆದ ಹಾಗಾಯಿತು. ಲಾರಿ ಪಕ್ಕದಲ್ಲಿ ಹೋದರೆ ಹೆಲ್ಮೆಟ್ ಅರ್ಧ ತಿರುಗುತ್ತಿತ್ತು. ತಪ್ಪಾಯಿತೆಂದು ನನಗೆ ಅಲ್ಲೇ ಗೊತ್ತಾಯಿತು. ಹತ್ತು ನಿಮಿಷವೂ ಬೇಕಾಗಲಿಲ್ಲ.

ಪೇರೇಸಂದ್ರದಲ್ಲಿ ಟೀಗೆ ನಿಲ್ಲಿಸಿದೆವು. ಅವನು ಕತ್ತು ನೀವಿಕೊಳ್ಳುತ್ತ ಕೇಳಿದ.

"ಭಾವ, ತಲೆ ಹಿಂದಕ್ಕೆ ಎಳೀತದೆ. ನಿಮಗೂ ಹಂಗೇ ಆಗ್ತಿದೆಯಾ?"

"ನನಗೇನೂ ಇಲ್ಲಪ್ಪ."

"ಲಾರಿ ಬಂದ್ರೆ ಹೆಲ್ಮೆಟ್ ತಿರುಗ್ತದೆ."

"ಸ್ಟ್ರಾಪು ಬಿಗಿ ಮಾಡ್ಕೋ. ಹೊಸದು, ಅಭ್ಯಾಸ ಆಗ್ತದೆ. ನಡಿ, ಹೋಗಣ."

ವಾಪಸ್ ಹೋಗಿ ಬದಲಾಯಿಸಿಕೊಳ್ಳಲು ಅರ್ಧ ಗಂಟೆ ಸಾಕಿತ್ತು. ಆ ಹೆಂಗಸಿನ ಮುಂದೆ ನಿಲ್ಲಬೇಕಾಗುತ್ತಿತ್ತು, ಅಷ್ಟೇ.

ಐದಾರು ಕಿಲೋಮೀಟರು ಹೋಗಿರಬೇಕು. ಬಸ್ಸೊಂದು ಜೋರಾಗಿ ದಾಟಿತು. ಕನ್ನಡಿಯಲ್ಲಿ ನೋಡಿದೆ: ಅವನ ಹೆಲ್ಮೆಟ್ ಪಕ್ಕಕ್ಕೆ ತಿರುಗಿ ಒಂದು ಕಣ್ಣು ಮುಚ್ಚಿತ್ತು. ಸರಿಮಾಡಿಕೊಳ್ಳಲು ಎಡಗೈ ಎತ್ತಿದ. ಬೈಕು ರಸ್ತೆಯ ಅಂಚಿನ ಜಲ್ಲಿಗೆ ಇಳಿದು ಬಿತ್ತು.

ಜೀವಕ್ಕೇನೂ ಆಗಲಿಲ್ಲ. ಬಲಭುಜದ ಮುಂದಿನ ಎಲುಬು ಮುರಿದಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆತಂದೆ. ಮಧ್ಯಾಹ್ನಕ್ಕೆ ನನ್ನ ಹೆಂಡತಿ ಬಂದಳು. ಹಾಸಿಗೆಯ ಪಕ್ಕದಲ್ಲಿದ್ದ ಹೆಲ್ಮೆಟ್ ನೋಡಿ, "ಇದೇನೋ ಇದು, ಯಾರು ಆರಿಸಿದ್ದು?" ಎಂದು ಕೇಳಿದಳು.

"ನಾನೇ ಅಕ್ಕ. ಭಾವ ಬೇಡ ಅಂದ್ರು. ಚೆನ್ನಾಗಿ ಕಾಣುತ್ತೆ ಅಂತ ನಾನೇ ತಗೊಂಡೆ."

"ಅವರ ಮಾತು ಕೇಳಬಾರದೇನೋ? ಅವರ ಕೈ ಯಾವತ್ತಾದ್ರೂ ತಪ್ಪಿದೆಯಾ? ಓದಿದೋರಿಗೆ ಹೇಳೋರು ಯಾರು."

ನನ್ನ ಹೆಲ್ಮೆಟ್ಟೂ ಅದೇ ಬಗೆಯದು. ಅದು ಹೊರಗೆ ಬೈಕಿಗೆ ನೇತುಬಿದ್ದಿತ್ತು. ಅವಳು ನೋಡಿರಲಿಲ್ಲ. ಟೀ ತರುತ್ತೇನೆ ಎಂದು ಹೊರಗೆ ಹೋದವನು ಮೊದಲು ಅದನ್ನು ಬಿಚ್ಚಿ ಆಸ್ಪತ್ರೆಯ ಎದುರಿನ ಬೇಕರಿಯಲ್ಲಿ ಇಟ್ಟುಬಂದೆ. ಬಿದ್ದ ಬೈಕನ್ನು ರಿಪೇರಿಗೆ ಕಳಿಸುವ ವ್ಯವಸ್ಥೆ ಆಮೇಲೆ ಮಾಡಿದೆ.

ಎರಡು ತಿಂಗಳು ಅವನು ಬೋರ್ಡಿನ ಮೇಲೆ ಬರೆಯಲಾಗಲಿಲ್ಲ. ಮಕ್ಕಳನ್ನೇ ಕರೆದು ಬರೆಸುತ್ತಿದ್ದನಂತೆ.

ಅವನ ಕೈ ಸರಿಹೋದ ಮೇಲೆ ನಾನೊಬ್ಬನೇ ಆ ಅಂಗಡಿಗೆ ಹೋಗಿ ಎರಡು ಫುಲ್ ಫೇಸ್ ಕೇಳಿದೆ. ಆಕೆ ಹೆಚ್ಚೇನೂ ಕೇಳಲಿಲ್ಲ. ಕೆನ್ನೆ ಒತ್ತುವುದನ್ನೇ ನೋಡಿ ನನಗೊಂದು ಕೊಟ್ಟರು. "ಇನ್ನೊಂದಕ್ಕೆ ಮೇಷ್ಟ್ರನ್ನ ಕರ್ಕೊಂಡ್ ಬನ್ನಿ. ತಲೆ ನೋಡದೆ ಕೊಡಲ್ಲ" ಎಂದರು.

ಅವನನ್ನು ಕರೆಯಲು ಗೌರಿಬಿದನೂರಿಗೆ ಹೋದೆ. ಮನೆಯ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ. ಕೂತವನೇ ಹೇಳಿಬಿಟ್ಟೆ: "ಪೇರೇಸಂದ್ರದಲ್ಲಿ ನನ್ನ ಕತ್ತೂ ನೋಯ್ತಿತ್ತು ಕಣಪ್ಪ. ನಿನಗೆ ಸುಳ್ಳು ಹೇಳಿದೆ."

ಅವನು ತಲೆ ಎತ್ತಲಿಲ್ಲ. "ಗೊತ್ತಿತ್ತು ಭಾವ. ಟೀಯವನು ಕರೆದಾಗ ನೀವು ಕತ್ತು ತಿರುಗಿಸಲಿಲ್ಲ, ಪೂರಾ ಮೈನೇ ತಿರುಗಿಸಿದ್ರಿ."

"ಮತ್ಯಾಕೆ ಹೊರಟೆ?"

"ನೀವು ನಡಿ ಅಂದ್ರಲ್ಲ."

ಅವತ್ತೇ ಅವನನ್ನು ಅಂಗಡಿಗೆ ಕರೆದೊಯ್ದು ಬಿಗಿಯಾದದ್ದು ಕೊಡಿಸಿ, ಅವನ ಪೀಕ್‌ನದನ್ನು ನಾನು ತಂದೆ. ಹೆಂಡತಿಗೆ ಹೇಳಲು ಇನ್ನೂ ಒಂದು ತಿಂಗಳು ತೆಗೆದುಕೊಂಡೆ. ಅವಳು ನನ್ನನ್ನು ಬೈಯಲಿಲ್ಲ. ತಮ್ಮನಿಗೆ ಫೋನು ಮಾಡಿ, "ಅವತ್ತು ಬೈದೆ, ಬೇಜಾರ್ ಮಾಡ್ಕೋಬೇಡ ಕಣೋ" ಎಂದಳು. ಆ ದಿನವೆಲ್ಲ ನನ್ನ ಮುಖ ನೋಡಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಒಂದು ಶೆಡ್ಡು, ಅದರಲ್ಲಿ ಎಂಟು ಬೇಸಿನ್ನು, ಒಂದು ಬೈಕು, ಮೂರು ಹೆಲ್ಮೆಟ್ಟು. ಎರಡಕ್ಕೆ ಪೀಕ್ ಇದೆ, ಒಂದಕ್ಕೆ ಇಲ್ಲ.