ಸುಣ್ಣದ ಗುರುತು

ಹಸಿ ಸಾಗವಾನಿ ಕೊಯ್ದಾಗ ಬರುವ ವಾಸನೆ ನಿಮಗೆ ಗೊತ್ತಿರಬೇಕು. ಹಳೆಯ ಎಣ್ಣೆ ಗಡಿಗೆಯ ವಾಸನೆಗೆ ಹತ್ತಿರದ್ದು. ಮೊನ್ನೆ ಮಗಳ ಹೊಸ ಮನೆಯ ಬಾಗಿಲ ಚೌಕಟ್ಟಿಗೆ ಮಾಲು ನೋಡಲು ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಗೆ ಹೋಗಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಒಂದು ದಿಮ್ಮಿಯ ಮೇಲೆ ಕುಳಿತುಬಿಟ್ಟೆ. ವಯಸ್ಸಾಯಿತೆಂದು ಅಡ್ಡೆಯ ಮಾಲೀಕರು ನೀರು ತರಿಸಿದರು. ವಯಸ್ಸೂ ಆಗಿದೆ ಅನ್ನಿ. ಆದರೆ ನಾನು ಕುಳಿತದ್ದು ನಮ್ಮೂರು ಮುಗದದಿಂದ ಅವರೇ ಕಡಿಸಿ ತಂದ ಮಾಲಿನ ಮೇಲೆ, ನಮ್ಮ ದೊಡ್ಡವ್ವನ ಗುಡ್ಡದ ಗಿಡದ ಮೇಲೆ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲದ ಹಿಂದಿನ ಗುಡ್ಡದಲ್ಲಿದ್ದ ಸಾಗವಾನಿ, ಮತ್ತಿಗಳನ್ನು ಮಾರಿಯೇ ಮಕ್ಕಳನ್ನು ಓದಿಸಿದವಳು. ಗಿಡ ತಬ್ಬಿಕೊಂಡು ಅಳುವ ಪೈಕಿ ಅಲ್ಲ. "ಗಿಡ ಕಡಿಯೂದು ಪಾಪ ಅಲ್ಲೋ. ಯಾರನ್ನೂ ಕೇಳದ ಕಡಿಯೂದು ಪಾಪ," ಎನ್ನುತ್ತಿದ್ದಳು.

ಅವಳು ಕೇಳುವ ರೀತಿಯೇ ಬೇರೆ. ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಚರಗದ ಎಡೆ ಚೆಲ್ಲಿ, ಬುತ್ತಿ ಉಂಡು, ಉಳಿದವರೆಲ್ಲ ನೆರಳಿಗೆ ಅಡ್ಡಾದಾಗ ಅವಳು ಸುಣ್ಣದ ಗಡಿಗೆ ಹಿಡಿದು ಗುಡ್ಡ ಹತ್ತುವಳು. ಆ ವರ್ಷ ಕಡಿಯಬೇಕೆಂದ ಗಿಡಗಳಿಗೆ ಸುಣ್ಣದ ಪಟ್ಟಿ ಎಳೆಯುವಳು. ಕಡಿಯುವುದು ಮಾತ್ರ ಸಂಕ್ರಾಂತಿ ದಾಟಿದ ಮೇಲೆ. ನಡುವೆ ಆ ಗಿಡ ಬೇಕಾದವರು ಯಾರೇ ಆಗಲಿ ಬಂದು ಸುಣ್ಣ ಒರೆಸಬಹುದಿತ್ತು. ದನ ಕಾಯುವವರು ನೆರಳಿಗೆಂದು ಒರೆಸುವರು, ಜೇನು ಬಿಡಿಸುವವರು ಹುಟ್ಟಿಗೆಂದು. ಗುಡ್ಡದ ಬುಡದ ಒರತೆಯಿಂದ ನೀರು ತರುವ ಹೆಂಗಸರಂತೂ ಅದರ ಮೇಲಿನ ಗಿಡಗಳ ಮೇಲೆ ಸುಣ್ಣ ನಿಲ್ಲಗೊಡುತ್ತಿರಲಿಲ್ಲ. ಒರೆಸಿದವರನ್ನು ಕಾರಣ ಕೇಳುವ ಹಾಗಿಲ್ಲ. ಮಳೆ ಬಂದು ಅಳಿಸಿದರೂ ಆ ಗಿಡ ಆ ವರ್ಷ ಬಚಾವು. ಹಾಗೆ ತೊಳೆದುಹೋದ ಗಿಡವೊಂದನ್ನು ನೋಡಿ ನಮ್ಮಪ್ಪ ನಕ್ಕಾಗ, "ಮಳಿಗೂ ಬೇಕಾಗಿರಬೇಕು, ನಿನಗ್ಯಾಕ ಅದು," ಎಂದಿದ್ದಳು. ಹಾಗೆಂದು ಅವಳಿಗೆ ಹೊಟ್ಟೆ ಉರಿಯುತ್ತಿರಲಿಲ್ಲ ಎಂದಲ್ಲ. ನೆಟ್ಟನೆಯ ಗಿಡವೊಂದರ ಸುಣ್ಣ ಹೋದ ದಿನ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು. ನಾವು ಮಜ್ಜಿಗೆ ಬೆರೆಸಿಕೊಂಡು ಉಣ್ಣುತ್ತಿದ್ದೆವು.

ದೊಡ್ಡವ್ವ ತೀರಿ ಎಷ್ಟೋ ಕಾಲವಾದ ಮೇಲೆ, ಹೋದ ವರ್ಷ, ಅವಳ ಮೊಮ್ಮಗ ಬಸವರಾಜ ಧಾರವಾಡದ ನಮ್ಮ ಮನೆಗೆ ಬಂದ. ಗುಡ್ಡದಲ್ಲಿ ನನಗೂ ಪಾಲಿರುವುದರಿಂದ ನನ್ನ ಒಪ್ಪಿಗೆ ಬೇಕಿತ್ತು.

"ಕಾಕಾ, ಒಮ್ಮೆಲೇ ಪೂರಾ ಬೋಳಸಿಬಿಡೂಣ್ರಿ. ಪರವಾನಗಿ ಸಿಗತೈತಿ. ವರ್ಷಕ್ಕ ನಾಕ ಗಿಡ ಕಡಿತೇವಂದ್ರ ಅಲ್ಲಿ ತನಕ ಲಾರಿ ಯಾರ ತರ್ತಾರ್ರಿ?"

ಹುಡುಗ ಕೆಟ್ಟವನಲ್ಲ, ಮಾತೂ ಸುಳ್ಳಲ್ಲ. ವಾದ ಮಾಡುವ ತ್ರಾಣ ನನಗಿರಲಿಲ್ಲ. "ಆತು ತಗೋ. ನಿಮ್ಮ ಆಯಿ ಮಾಡಿದಂಗ ಎಲ್ಲಾ ಗಿಡಕ್ಕ ಸುಣ್ಣಾ ಹಚ್ಚು. ಊರಾಗ ಹೇಳು. ಸಂಕ್ರಾಂತಿ ತನಕ ಯಾರೂ ಒರಸಲಿಲ್ಲಂದ್ರ ಕಡಿ," ಎಂದೆ. ಬೇಡ ಎನ್ನುವ ಕೆಲಸವನ್ನು ಊರಿನ ತಲೆಗೆ ಕಟ್ಟಿ, ಜಾಣತನ ಮಾಡಿದೆ ಎಂದುಕೊಂಡು ಕಾಲು ಚಾಚಿದೆ.

ಸಂಕ್ರಾಂತಿ ಮುಗಿಸಿ ಹೋಗಿ ನೋಡಿದರೆ ಗುಡ್ಡದ ತುಂಬ ಸುಣ್ಣ ಹಚ್ಚಿದಂತೆಯೇ ಇತ್ತು. ಒಬ್ಬರೂ ಒರೆಸಿರಲಿಲ್ಲ. ಊರಲ್ಲಿ ಒಲೆಗೆ ಗ್ಯಾಸ್ ಬಂದಿದೆ, ಮನೆ ಮುಂದೆ ನಳ ಬಂದಿದೆ, ಮೇಯುವ ದನಗಳೂ ಕರಗಿವೆ.

"ನೋಡ್ರಿ ಕಾಕಾ, ಯಾರಿಗೂ ಬ್ಯಾಡಾಗ್ಯಾವ," ಎಂದ ಬಸವರಾಜ. ಗೆದ್ದ ದನಿ ಅದಾಗಿರಲಿಲ್ಲ.

ನನಗೆ ದುಃಖವಾಯಿತು. ಒರತೆ ಇನ್ನೂ ಜಿನುಗುತ್ತಿತ್ತು. ಕೆಳಗಿನ ಹೊಲಗಳ ಬಾವಿಗೆ ಬೇಸಿಗೆಯಲ್ಲೂ ನೀರು ಇರುವುದು ಇದರ ದೆಸೆಯಿಂದ ಎಂಬುದನ್ನು ನಳ ತಿರುವುವ ಕೈಗಳು ಮರೆತಿದ್ದವು. ಹೆಗಲ ಮೇಲಿನ ಟವೆಲ್ಲನ್ನು ನೀರಲ್ಲಿ ಅದ್ದಿ, ಒರತೆಯ ಮೇಲಿನ ಗಿಡಗಳನ್ನು ಒಂದೊಂದಾಗಿ ತಿಕ್ಕತೊಡಗಿದೆ. ತೊಗಟೆಯ ಬಿರುಕಿಗೆ ಇಳಿದ ಸುಣ್ಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

"ಯಾಕ್ರಿ ಕಾಕಾ?"

"ಕಾರಣ ಕೇಳೂ ಹಂಗಿಲ್ಲಪಾ."

ತೋಳು ಸೋತಲ್ಲಿಗೆ ನಿಲ್ಲಿಸಿ, ಉಳಿದವನ್ನು ಕಡಿ ಎಂದೆ. ಹಾದಿಯ ತಿರುವಿನ ದೊಡ್ಡ ಸಾಗವಾನಿಯ ಸುಣ್ಣ ಹಾಗೇ ಉಳಿಯಿತು. ದೊಡ್ಡವ್ವ ಬುತ್ತಿ ಬಿಚ್ಚುತ್ತಿದ್ದದ್ದು ಅದರ ಬುಡದಲ್ಲಿ. ನೆನಪಿಗೆಂದು ಗಿಡ ಬಿಟ್ಟರೆ ಅವಳೇ ಬೈದಾಳು ಎಂದು ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಸಮಾಧಾನ ಕೆಲಸ ಮಾಡಲಿಲ್ಲ.

ಆ ಮಾಲೇ ಈಗ ನನ್ನ ಕೆಳಗಿತ್ತು. ನೀರು ಕುಡಿದು ಸುಧಾರಿಸಿಕೊಂಡು, ತಿರುವಿನಲ್ಲಿದ್ದ ಆ ದೊಡ್ಡ ಗಿಡದ್ದೇ ಚೌಕಟ್ಟು ಬೇಕು ಎಂದು ಮಾಲೀಕರಿಗೆ ಹೇಳಿದೆ. ಕಡಿದದ್ದು ಹೇಗೂ ಕಡಿದಾಯಿತು, ಮಗಳ ಬಾಗಿಲಲ್ಲಾದರೂ ನಿಲ್ಲಲಿ.

"ಆ ಗಿಡ ಬರಲಿಲ್ರಿ ಸರ," ಎಂದರು ಅವರು. "ನಮ್ಮ ಮಂದಿ ಕಡ್ಯಾಕ ಹೋಗೂದ್ರಾಗ ಅದರ ಸುಣ್ಣಾ ಅಳಿಸಿತ್ತಂತ. ಬಸವರಾಜನ ಕೈಯಾಗ ತೊಯ್ದ ಅರಿವಿ ಇತ್ತಂತ. ಅಂಥಾ ಛಲೋ ಗಿಡ ಯಾಕ ಬಿಟ್ಟನೋ ಏನೋ. ನೀವರ ಕೇಳ್ರಿ."

ಫೋನು ತೆಗೆದು ಬಸವರಾಜನ ಹೆಸರಿನ ತನಕ ಹೋದೆ. ಆಮೇಲೆ ಅದನ್ನು ಕಿಸೆಗೆ ಹಾಕಿ, ಬೇರೆ ಮಾಲು ತೋರಿಸಿ ಎಂದೆ.