ಎಕ್ಸ್‌ರೇ ಪೆಟ್ಟಿಗೆಯೊಳಗೆ ಉಡಿ

ಕಳೆದ ಶುಕ್ರವಾರ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ನನ್ನ ತಂಗಿಯ ಮಗಳ ಉಡಿ ಸಿಕ್ಕಿಬಿದ್ದಿತು.

ಸುಧಾ ಗಂಡನೊಂದಿಗೆ ಮನಸ್ತಾಪವಾಗಿ ಎರಡು ವರ್ಷದಿಂದ ಇಳಕಲ್ಲಿನ ತವರಿನಲ್ಲಿದ್ದಳು. ಈಗ ಆತನೇ ಹೈದರಾಬಾದಿನಿಂದ ಫೋನ್ ಮಾಡಿ ಕರೆದ, ಇವಳೂ ಒಪ್ಪಿದಳು. ಜೊತೆಗೆ ಹೋಗಿ ಬಿಟ್ಟುಬರುವ ಹೊಣೆ ಸೋದರಮಾವನಾದ ನನ್ನದು. ಶುಕ್ರವಾರ ನಾವು ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಆದರೆ ಟಿಕೆಟ್ ಆ ದಿನದ್ದೇ, ಅದೂ ರಾಹುಕಾಲಕ್ಕೆ. (ಅಳಿಯ ಟಿಕೆಟ್ ತೆಗೆಯುವಾಗ ಪಂಚಾಂಗ ನೋಡಿರಲಿಲ್ಲ.)

ತಂಗಿ ಗೋದಾವರಿ ದೇವರ ಮುಂದೆ ಉಡಿ ತುಂಬಿದಳು. ಅಕ್ಕಿ, ಅರಿಷಿಣಕೊಂಬು, ಉತ್ತತ್ತಿ, ಐದು ಕೊಬ್ಬರಿ ಬಟ್ಟಲು. ಗುಳೇದಗುಡ್ಡದ ಕುಪ್ಪಸದ ಕಣದಲ್ಲಿ ಗಂಟು ಕಟ್ಟಿ ಮಗಳ ಕೈಗಿತ್ತಳು. "ಗಂಡನ ಮನಿ ದೇವರ ಮುಂದನ ಬಿಚ್ಚಬೇಕು. ನಡುವ ಎಲ್ಲೂ ಬಿಚ್ಚಬ್ಯಾಡ," ಎಂದಳು. ಆ ನಿಯಮವನ್ನು ಆಕೆಗೆ ಕಲಿಸಿದವನು ನಾನೇ.

ಈ ನಿಲ್ದಾಣ ನನಗೆ ಹೊಸದಲ್ಲ. ನಾನು ಹುಬ್ಬಳ್ಳಿಯಲ್ಲಿ ಸಂಸ್ಕೃತ ಓದುತ್ತಿದ್ದಾಗ ಇಲ್ಲಿದ್ದುದು ಒಂದು ರನ್‌ವೇ, ಒಂದು ತಂತಿಬೇಲಿ. ಜನ ಚುರುಮುರಿ ಕಟ್ಟಿಕೊಂಡು ವಿಮಾನ ನೋಡಲು ಬರುತ್ತಿದ್ದರು. ವಿಮಾನ ಬಾರದಿದ್ದರೆ ಚುರುಮುರಿ ತಿಂದು ತೃಪ್ತರಾಗಿ ಮರಳುತ್ತಿದ್ದರು. ಮುಂದೊಮ್ಮೆ ಯಾರೋ ಗಣ್ಯರು ಇಳಿದಾಗ ಮೆಟ್ಟಿಲ ಬುಡದಲ್ಲೇ ನಿಂತು ನಾನು ಸ್ವಸ್ತಿವಾಚನ ಮಾಡಿದ್ದುಂಟು. ಆಮೇಲೆ ಎಷ್ಟೋ ವರ್ಷ ವಿಮಾನವೇ ಇಲ್ಲ. ಈಗ ಗಾಜಿನ ಕಟ್ಟಡ ಎದ್ದಿದೆ, ಹೆಣ್ಣುಮಕ್ಕಳು ಇಳಕಲ್ ಸೀರೆಯುಟ್ಟು ಗಂಡನ ಮನೆಗೆ ಇಲ್ಲಿಂದಲೇ ಹೊರಡುತ್ತಾರೆ. ಟಿಕೆಟ್ ಇಲ್ಲದ ತವರಿನವರಿಗೆ ಮಾತ್ರ ಬಾಗಿಲಿನಿಂದಾಚೆ ಪ್ರವೇಶವಿಲ್ಲ. ಕಳಿಸಲು ಬಂದಿದ್ದ ಗೋದಾವರಿ ಹೊರಗೇ ಉಳಿದಳು.

ಒಳಗೆ ಗಂಟು ಎಕ್ಸ್‌ರೇ ಪೆಟ್ಟಿಗೆಯನ್ನು ಹೊಕ್ಕಿತು. ಸಾಮಾನು ಸಾಗಿಸುವ ಪಟ್ಟಿ ನಿಂತಿತು.

"ಕೊಬ್ಬರಿ ಐತೇನ್ರಿ ಇದರಾಗ?" ಕೇಳಿದವಳು ತಪಾಸಣೆಯ ಹುಡುಗಿ. ಮಾತಿನಿಂದಲೇ ನಮ್ಮ ಕಡೆಯವಳೆಂದು ತಿಳಿಯಿತು, ವಿಚಾರಿಸಿದರೆ ಶಿರೂರಿನವಳು. "ಅದರಾಗ ಎಣ್ಣಿ ಇರ್ತೈತ್ರಿ, ಉರಿ ಹತ್ತತೈತಿ. ವಿಮಾನದಾಗ ಒಯ್ಯಾಕ ಬರೂದಿಲ್ರಿ. ಗಂಟು ಬಿಚ್ಚರಿ."

"ಇದು ಉಡಿ ಅದವಾ."

"ಗೊತ್ತೈತ್ರಿ ಅಜ್ಜಾರ. ನನಗೂ ತುಂಬ್ಯಾರ."

ಏನು ಮಾಡಲಿ? ನಾನು ಸುಧಾಳತ್ತ ತಿರುಗಿದೆ. "ಇವತ್ತ ಬ್ಯಾಡವಾ, ಮನಿಗೆ ಹೋಗೋಣ. ಇನ್ನೊಂದು ದಿನ ನೋಡಿದರಾತು."

ಆಕೆ ನನ್ನ ಮುಖವನ್ನೇ ನೋಡಿದಳು. "ಇವತ್ತ ಹೊಳ್ಳಿ ಹೋದರ ಮತ್ತ ಹೊರಡಲಿಕ್ಕೆ ನನಗ ಧೈರ್ಯ ಬರೂದಿಲ್ಲ ಮಾಮಾ. ಹೋದ ಸರ್ತಿ ಮುಹೂರ್ತ ನೀವೇ ನೋಡಿದ್ರಿ. ಉಡಿಯೊಳಗಿನ ಒಂದು ಕಾಳೂ ಉದುರಿರಲಿಲ್ಲ."

ಗಂಟನ್ನು ನಾನೇ ಬಿಚ್ಚಿದೆ.

ಹುಡುಗಿ ಕೊಬ್ಬರಿ ಬಟ್ಟಲುಗಳನ್ನು ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಹಾಕಿದಳು. (ನಿಯಮ ಮೀರದೆ ಭಕ್ತಿ ಉಳಿಸಿಕೊಳ್ಳುವ ಈ ಉಪಾಯ ನನಗೆ ತೋಚಿರಲಿಲ್ಲ.) ಬುಟ್ಟಿಯಲ್ಲಿ ಮೊದಲೇ ಸಾಕಷ್ಟು ಕೊಬ್ಬರಿಯಿತ್ತು.

"ದಿನಾ ಇಷ್ಟು ಬರ್ತಾವೇನವಾ?"

"ಲಗ್ನದ ಸುಗ್ಗ್ಯಾಗ ಬುಟ್ಟಿ ಸಾಲೂದಿಲ್ರಿ."

"ಆ ಹೆಣ್ಣುಮಕ್ಕಳೆಲ್ಲಾ ಛಲೋ ಬಾಳ್ವಿ ಮಾಡ್ಲಿಕ್ಹತ್ತ್ಯಾರೇನು?"

"ಹೊಳ್ಳಿ ಬಂದು ನಮಗ್ಯಾರು ಹೇಳ್ತಾರ್ರಿ," ಎಂದು ನಕ್ಕು, ಅಕ್ಕಿಯನ್ನೂ ಅರಿಷಿಣವನ್ನೂ ಮೊದಲಿನಂತೆಯೇ ಗಂಟು ಕಟ್ಟಿ ಸುಧಾಳ ಸೆರಗಿನಲ್ಲಿಟ್ಟಳು.

ಕುರ್ಚಿಯಲ್ಲಿ ಕೂಡುವಷ್ಟರಲ್ಲಿ ಗೋದಾವರಿಯ ಫೋನ್. "ಅಣ್ಣಾ, ಉಡಿ ಹಾಂಗೇ ಅದ ಹೌದಲ್ಲ?"

ಸುಳ್ಳಾಡಿ ಅಭ್ಯಾಸವಿಲ್ಲ. "ಬಿಚ್ಚಿದ್ವಿ, ಗೋದಾ. ನಾನೇ ಬಿಚ್ಚಿದೆ. ಈಗ ಹಗುರ ಆಗೇದ, ಹುಡುಗಿಗೆ ಹೊರಲಿಕ್ಕೆ ಸುಲಭ."

ಆ ಕಡೆ ಗೋದಾವರಿ ಫೋನ್ ಇಟ್ಟಳು. ಈ ಕಡೆ ಸುಧಾ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ವಿಮಾನವನ್ನು ನೋಡುತ್ತಿದ್ದಳು.

ಹೋದ ಸಲದ ಮುಹೂರ್ತ ನನ್ನದು, ಈ ಸಲದ್ದು ವಿಮಾನದವರದು. ಇದೊಂದು ಸಲ ಅವರ ಪಂಚಾಂಗವೇ ಗೆಲ್ಲಲೆಂದು ಪ್ರಾರ್ಥಿಸಿದರೆ, ನನ್ನ ದೇವರು ಮುನಿದಾನೇ?